ದಿನಕ್ಕೆರಡು ಸ್ನಾನ ಮಾಡಿದರೂ ಕಾಲು ವಾಸನೆ ಯಾಕೆ?

ಪ್ರಶ್ನೆ: ನನಗೆ 27 ವರ್ಷ. ಕೆಲಸದಲ್ಲಿ ದಿನವಿಡೀ ಶೂ ಹಾಕಿರಬೇಕು. ದಿನಕ್ಕೆ ಎರಡು ಸಲ ಸ್ನಾನ ಮಾಡುತ್ತೇನೆ, ಸಾಕ್ಸ್ ದಿನಾ ಬದಲಿಸುತ್ತೇನೆ. ಆದರೂ ಶೂ ಬಿಚ್ಚಿದರೆ ಪಕ್ಕದಲ್ಲಿ ಕೂತವರು ಎದ್ದು ಹೋಗುವಷ್ಟು ವಾಸನೆ. ಮಧ್ಯಾಹ್ನದ ಹೊತ್ತಿಗೆ ಕಂಕುಳೂ ನಾರುತ್ತದೆ. ಡಿಯೋಡರೆಂಟ್ ಎಷ್ಟು ಹೊಡೆದರೂ ಪ್ರಯೋಜನವಿಲ್ಲ. ಏನು ಮಾಡಲಿ?

ಉತ್ತರ: ಸ್ನಾನ ಸಾಕಷ್ಟಾಯಿತು, ಈಗ ಶೂ ಕಡೆ ನೋಡಿ. ಕಾಲು ತೊಳೆದು, ಒಗೆದ ಸಾಕ್ಸ್ ಹಾಕಿ, ನಿನ್ನೆಯ ಬೆವರು ಇನ್ನೂ ಆರದ ಶೂ ಒಳಗೇ ಕಾಲು ತೂರಿಸುತ್ತಿದ್ದೀರಿ, ಅಲ್ವಾ?

ಬೆವರಿಗೆ ಅಂಥ ವಾಸನೆಯೇನೂ ಇಲ್ಲ. ಅಂಗಾಲಿನಲ್ಲಿ ಬೆವರಿನ ಗ್ರಂಥಿಗಳು ತುಂಬಾ ದಟ್ಟವಾಗಿವೆ. ಆ ಒದ್ದೆಯಲ್ಲಿ ನೆನೆದ ಚರ್ಮವನ್ನೂ ಬೆವರನ್ನೂ ಬ್ಯಾಕ್ಟೀರಿಯಾಗಳು ಒಡೆಯುತ್ತವೆ. ಆಗ ಹುಟ್ಟುವ ಐಸೊವ್ಯಾಲೆರಿಕ್ ಆಮ್ಲವೇ ಹಳೇ ಚೀಸ್‌ನಂಥ ಆ ನಾತಕ್ಕೆ ಮುಖ್ಯ ಕಾರಣ. ಹಾಗಾಗಿ ತೊಳೆಯುವುದಕ್ಕಿಂತ ಒಣಗಿಸುವುದೇ ಇಲ್ಲಿ ದೊಡ್ಡ ಕೆಲಸ.

ಎರಡು ಜೊತೆ ಶೂ ಇಟ್ಟುಕೊಳ್ಳಿ. ಒಂದು ದಿನ ಹಾಕಿದ್ದನ್ನು ಮರುದಿನ ಗಾಳಿಗೆ ಬಿಡಿ, ಒಳಗಿನ ಇನ್‌ಸೋಲ್ ಹೊರಗೆ ತೆಗೆದಿಡಿ. ಮುಚ್ಚಿದ ಕಪಾಟಿನಲ್ಲಿ ಇಡಲೇಬೇಡಿ. ಸ್ನಾನ ಆದಮೇಲೆ ಬೆರಳುಗಳ ಸಂದು ಒರೆಸಿ. ಹೆಚ್ಚಿನವರು ಬಿಟ್ಟುಬಿಡುವ ಜಾಗ ಅದು. ಪೌಡರ್ ಬೇಕಿದ್ದರೆ ಪೂರ್ತಿ ಒಣಗಿದ ಕಾಲಿಗೆ ಮಾತ್ರ, ಒದ್ದೆ ಕಾಲಿಗೆ ಹಾಕಿದರೆ ಉಂಡೆ ಕಟ್ಟುತ್ತದೆ. ಸಾಕ್ಸ್ ಒಗೆಯುವಾಗ ಒಳಮೈ ಹೊರಗೆ ಮಾಡಿ ಒಗೆಯಿರಿ. ಜಾಸ್ತಿ ಬೆವರುವವರು ಮಧ್ಯಾಹ್ನ ಇನ್ನೊಂದು ಜೊತೆ ಬದಲಿಸಿದರೆ ಒಳ್ಳೆಯದು.

ಕಂಕುಳಿನ ಕಥೆ ಸ್ವಲ್ಪ ಬೇರೆ. ಅಲ್ಲಿ ಹರೆಯಕ್ಕೆ ಬಂದಮೇಲೆ ಕೆಲಸ ಶುರು ಮಾಡುವ ಇನ್ನೊಂದು ಬಗೆಯ ಗ್ರಂಥಿಗಳಿವೆ. ಅವುಗಳ ಸ್ರಾವ ಬ್ಯಾಕ್ಟೀರಿಯಾಗೆ ಒಳ್ಳೇ ಊಟ. ಬರೀ ಡಿಯೋಡರೆಂಟ್ ವಾಸನೆಯನ್ನು ತಗ್ಗಿಸುತ್ತದೆ ಅಥವಾ ಮುಚ್ಚುತ್ತದೆ, ಬೆವರನ್ನು ನಿಲ್ಲಿಸುವುದಿಲ್ಲ. ಬೆವರು ಕಡಿಮೆ ಆಗಬೇಕಾದರೆ ಅಲ್ಯೂಮಿನಿಯಂ ಲವಣ ಇರುವ ಆ್ಯಂಟಿಪರ್ಸ್ಪಿರೆಂಟ್ ಬೇಕು. ಅದನ್ನು ಬೆಳಗ್ಗೆ ಅವಸರದಲ್ಲಿ ಬಳಿದುಕೊಳ್ಳುವುದಕ್ಕಿಂತ ರಾತ್ರಿ ಮಲಗುವ ಮುಂಚೆ ಒಣ ಚರ್ಮಕ್ಕೆ ಹಚ್ಚಿ. ಆಗ ಬೆವರು ಕಡಿಮೆ ಇರುವುದರಿಂದ ಚೆನ್ನಾಗಿ ಕೂರುತ್ತದೆ. ಶೇವ್ ಮಾಡಿದ ಕೂಡಲೇ ಬೇಡ, ಉರಿಯುತ್ತದೆ. ನಿಂಬೆರಸ, ಅಡುಗೆ ಸೋಡಾ ಉಜ್ಜುವುದನ್ನಂತೂ ನಾನು ಒಪ್ಪುವುದಿಲ್ಲ. ಸುಮ್ನೆ ಚರ್ಮ ಕೆರಳುತ್ತದೆ. ಬಟ್ಟೆಯನ್ನೂ ಗಮನಿಸಿ. ಪಾಲಿಯೆಸ್ಟರ್ ಅಂಗಿ ಹತ್ತಿಯದಕ್ಕಿಂತ ಹೆಚ್ಚು ನಾರುತ್ತದೆ.

ಇಷ್ಟೆಲ್ಲಾ ಮಾಡಿದರೂ ಕೆಲವು ವಾರಗಳಲ್ಲಿ ಬದಲಾವಣೆ ಕಾಣದಿದ್ದರೆ ಅಂಗಾಲನ್ನು ಬೆಳಕಿನಲ್ಲಿ ನೋಡಿಕೊಳ್ಳಿ. ಸೂಜಿಯಿಂದ ಚುಚ್ಚಿದಂತೆ ಸಣ್ಣ ಸಣ್ಣ ಗುಳಿಗಳಿದ್ದರೆ ಅದು ಬ್ಯಾಕ್ಟೀರಿಯಾ ಸೋಂಕು ಇರಬಹುದು. ಹಚ್ಚುವ ಆ್ಯಂಟಿಬಯೋಟಿಕ್‌ನಿಂದ ಸಾಮಾನ್ಯವಾಗಿ ವಾಸಿಯಾಗುತ್ತದೆ. ಬೆರಳ ಸಂದಿನಲ್ಲಿ ಸಿಪ್ಪೆ ಏಳುವುದು, ತುರಿಕೆ ಇದ್ದರೆ ಫಂಗಸ್ ಇರಬಹುದು, ಅದರ ಔಷಧಿ ಬೇರೆ. ಎರಡಕ್ಕೂ ಚರ್ಮದ ಡಾಕ್ಟರಿಗೆ ತೋರಿಸಿ. ಮೈವಾಸನೆ ಇದ್ದಕ್ಕಿದ್ದಂತೆ ಬದಲಾದರೆ, ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರಿದರೆ, ಜೊತೆಗೆ ಜ್ವರ ಬಂದರೆ ಅಥವಾ ತೂಕ ಇಳಿದರೆ ತಡ ಮಾಡಬೇಡಿ. ಡಾಕ್ಟರ ಹತ್ತಿರ ಹೋಗುವ ದಿನ ಕಾಲಿಗೆ ಪೌಡರ್ ಹಾಕಬೇಡಿ, ಗುಳಿಗಳು ಕಾಣುವುದಿಲ್ಲ.