‘ಹೋಮ್’ ಹುಟ್ಟಿದ್ದು ಹೋಮಕುಂಡದಲ್ಲಲ್ಲ

ಪ್ರಶ್ನೆ: ನಮ್ಮ ಹೊಸ ಮನೆಯ ಗೃಹಪ್ರವೇಶಕ್ಕೆ ಬಂದಿದ್ದ ವಾಸ್ತು ಸಲಹೆಗಾರರೊಬ್ಬರು, ಇಂಗ್ಲಿಷಿನ ‘ಹೋಮ್’ ಎಂಬ ಪದ ನಮ್ಮ ಹೋಮದಿಂದಲೇ ಹುಟ್ಟಿದ್ದೆಂದೂ, ಹೋಮ ನಡೆದ ಕಟ್ಟಡ ಮಾತ್ರ ಹೋಮ್, ನಡೆಯದ್ದು ಬರಿಯ ಹೌಸ್ ಎಂದೂ ಹೇಳಿದರು. ಇದು ನಿಜವೇ? ಅಲ್ಲವಾದರೆ ಆ ಪದದ ಮೂಲ ಯಾವುದು? (ಶಿವಮೊಗ್ಗದ ಓದುಗರು)

ಉತ್ತರ: ನಿಜವಲ್ಲ. ಗೃಹಪ್ರವೇಶದ ಮುಹೂರ್ತಗಳು ಶುರುವಾದವೆಂದರೆ ಇದೇ ಪ್ರಶ್ನೆ ಬೇರೆ ಬೇರೆ ಊರುಗಳಿಂದ, ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ ಬರುತ್ತದೆ. ಒಂದು ಸಾಲಿನಲ್ಲಿ ಉತ್ತರಿಸಿ ಸುಮ್ಮನಾದಾಗಲೆಲ್ಲ, ‘ಶಬ್ದ ಒಂದೇ ಇದೆಯಲ್ಲ, ಮತ್ತೇಕೆ ಒಪ್ಪುವುದಿಲ್ಲ?’ ಎಂಬ ಮರುಪತ್ರವೂ ಬಂದಿದೆ. ಆದ್ದರಿಂದ ಈ ಸಲ ಅಂಕಣದ ಬಹುಪಾಲನ್ನು ಇದಕ್ಕೇ ಕೊಡುತ್ತಿದ್ದೇನೆ. ಇನ್ನು ಮುಂದೆ ಕೇಳುವವರಿಗೆ ಇದನ್ನೇ ತೋರಿಸುತ್ತೇನೆ.

ಮೊದಲು ಸ್ವರವನ್ನು ನೋಡೋಣ. ಹೋಮಕ್ಕೆ ಗಂಟು ಹಾಕುವವರೆಲ್ಲ ನೆಚ್ಚಿಕೊಂಡಿರುವ ಆ ಓ-ಕಾರ ಈ ಪದದಲ್ಲಿ ಮೊದಲಿನಿಂದ ಇದ್ದದ್ದೇ ಅಲ್ಲ. ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಅದು ‘ಹಾಮ್’ ಎಂದಿತ್ತು. ಸುಮಾರು 12-13ನೆಯ ಶತಮಾನಗಳಲ್ಲಿ ಇಂಗ್ಲೆಂಡಿನ ಹಂಬರ್ ನದಿಯ ದಕ್ಷಿಣದ ಆಡುನುಡಿಗಳಲ್ಲಿ ದೀರ್ಘವಾದ ಆ-ಕಾರ ಓ-ಕಾರದ ಕಡೆಗೆ ಹೊರಳಿತು. ‘ಸ್ತಾನ್’ ಹೋಗಿ ‘ಸ್ಟೋನ್’ ಆಯಿತು, ‘ಬಾನ್’ ಹೋಗಿ ‘ಬೋನ್’ ಆಯಿತು, ‘ರಾಡ್’ ‘ರೋಡ್’ ಆಯಿತು, ಅದೇ ಸಾಲಿನಲ್ಲಿ ‘ಹಾಮ್’ ಕೂಡ ‘ಹೋಮ್’ ಆಯಿತು. ನದಿಯ ಉತ್ತರಕ್ಕೆ ಈ ಗಾಳಿ ಬೀಸಲಿಲ್ಲವಾದ್ದರಿಂದ ಸ್ಕಾಟ್ಲೆಂಡಿನ ಹಳ್ಳಿಗರ ಬಾಯಲ್ಲಿ ಅದು ‘ಹೇಮ್’ ಎಂದು ಉಳಿಯಿತು. ಜರ್ಮನರು ‘ಹೈಮ್’ ಎನ್ನುತ್ತಾರೆ. ಇಂಗ್ಲೆಂಡಿನವರ ಹೋಮ್ ಹೋಮದಿಂದ ಬಂದದ್ದಾದರೆ ಸ್ಕಾಟ್ಲೆಂಡಿನವರೂ ಜರ್ಮನರೂ ಯಾವ ಕುಂಡದ ಮುಂದೆ ಕೂತಿದ್ದರು ಎಂಬುದನ್ನು ವಾಸ್ತು ಪಂಡಿತರೇ ಹೇಳಬೇಕು.

ಇದು ಕನ್ನಡಿಗರಿಗೆ ಅಪರಿಚಿತವಾದ ಸಂಗತಿಯಲ್ಲ. ಹಳಗನ್ನಡದ ‘ಪಾಲ್’ ಇಂದು ‘ಹಾಲು’, ‘ಪೂ’ ಇಂದು ‘ಹೂ’, ‘ಪಲ್’ ಇಂದು ‘ಹಲ್ಲು’. ಪ-ಕಾರ ಹ-ಕಾರವಾದದ್ದು ಯಾವುದೋ ಒಂದು ಪದಕ್ಕೆ ಬಂದ ಶೀತವಲ್ಲ, ಸಾಲುಸಾಲಾಗಿ ನಡೆದ ಬದಲಾವಣೆ. ಈಗ ಯಾರಾದರೂ ನಮ್ಮ ‘ಹಾಲು’ ಎಂಬುದನ್ನು ಇಂದಿನ ರೂಪದಲ್ಲೇ ಹಿಡಿದುಕೊಂಡು, ಮನೆಯ ನಡುವಿನ ‘ಹಾಲ್’ ಎಂಬ ಕೋಣೆಗೆ ಹೆಸರು ಬಂದದ್ದು ಅಲ್ಲಿ ಹಾಲು ಉಕ್ಕಿಸಿದ್ದರಿಂದ ಎಂದು ವಾದಿಸಿದರೆ ನೀವು ನಗುತ್ತೀರಿ. ಹೋಮ್-ಹೋಮದ ವಾದಕ್ಕೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಇನ್ನು ವ್ಯಂಜನ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಪ್ರಾಯಶಃ ಈಗ ಉಳಿದಿಲ್ಲದ ಒಂದೇ ಮೂಲದಿಂದ ಬಂದಿರಬೇಕೆಂದು ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದರು. ಇಂಗ್ಲಿಷ್, ಜರ್ಮನ್ ಮೊದಲಾದ ಜರ್ಮಾನಿಕ್ ಭಾಷೆಗಳೂ ಸೇರಿದ ಆ ಕುಟುಂಬದಲ್ಲಿ ಯಾವ ಧ್ವನಿ ಎಲ್ಲಿ ಏನಾಯಿತು ಎಂಬುದನ್ನು 1822ರಲ್ಲಿ ಯಾಕೋಬ್ ಗ್ರಿಮ್ ಕ್ರಮಬದ್ಧವಾಗಿ ಜೋಡಿಸಿ ತೋರಿಸಿದರು. ಇಂಗ್ಲಿಷ್ ಪದದ ಮೊದಲಿನ ಹ-ಕಾರ ಮೂಲಭಾಷೆಯ ಒಂದು ಬಗೆಯ ಕ-ಕಾರದಿಂದ ಬಂದದ್ದು. ಅದೇ ಧ್ವನಿ ಸಂಸ್ಕೃತದಲ್ಲಿ ಸಾಮಾನ್ಯವಾಗಿ ಶ-ಕಾರವಾಗಿ ನಿಲ್ಲುತ್ತದೆ. ನಮ್ಮ ಶತ ಅವರ ಹಂಡ್ರೆಡ್, ನಮ್ಮ ಶ್ವಾನ ಅವರ ಹೌಂಡ್, ನಮ್ಮ ಶೃಂಗ ಅವರ ಹಾರ್ನ್. ಸಂಸ್ಕೃತದ ಹ-ಕಾರವಾದರೋ ಮಹಾಪ್ರಾಣವಾದ ಘ-ಕಾರದ ಜಾತಿಯದು. ಅದಕ್ಕೆ ಇಂಗ್ಲಿಷಿನಲ್ಲಿ ಎದುರಾಗುವುದು ಗ-ಕಾರ. ಹಂಸಕ್ಕೆ ಗೂಸ್, ಹಿರಣ್ಯಕ್ಕೆ ಗೋಲ್ಡ್. ಅಂದರೆ ಎರಡೂ ಕಡೆ ಹ-ಕಾರವೇ ಕಾಣಿಸಿದರೆ ಅದು ನಂಟಿಗೆ ಸಾಕ್ಷಿಯಲ್ಲ, ಅನುಮಾನಕ್ಕೆ ಕಾರಣ.

‘ಹೃದಯ’ಕ್ಕೆ ‘ಹಾರ್ಟ್’ ಇದೆಯಲ್ಲ ಎಂದು ಇಲ್ಲಿ ಒಬ್ಬರಾದರೂ ಕೈಯೆತ್ತುತ್ತಾರೆ. ಒಳ್ಳೆಯ ಪ್ರಶ್ನೆ, ಆದರೆ ಹಳೆಯದು. ಗ್ರೀಕಿನ ‘ಕಾರ್ಡಿಯಾ’ವನ್ನು ನೋಡಿದರೆ ಸಂಸ್ಕೃತದಲ್ಲಿ ಈ ಪದ ಶ-ಕಾರದಿಂದ ಶುರುವಾಗಬೇಕಿತ್ತು, ಹೃದಯ ದಾರಿ ತಪ್ಪಿದ ಪದವೆಂದು ಎಲ್ಲರೂ ಬಲ್ಲರು. ದಾರಿ ತಪ್ಪದ ರೂಪ ‘ಶ್ರದ್ಧೆ’ಯ ಮೊದಲ ಅರ್ಧದಲ್ಲಿ ಇನ್ನೂ ಕೂತಿದೆ. ಶ್ರದ್ಧೆ ಎಂದರೆ ಎದೆಯನ್ನು ಒಂದರ ಮೇಲೆ ಇಡುವುದು.

ಹಾಗಾದರೆ ಹೋಮಕ್ಕೆ ಇಂಗ್ಲಿಷಿನಲ್ಲಿ ನೆಂಟರೇ ಇಲ್ಲವೇ? ಇದ್ದಾರೆ, ಆದರೆ ಬಚ್ಚಲುಮನೆಯಲ್ಲಿ. ಹೋಮ ‘ಹು’ ಧಾತುವಿನಿಂದ ಬಂದದ್ದು. ಸುರಿಯುವುದು, ಹೊಯ್ಯುವುದು ಅದರ ಮೂಲಾರ್ಥ, ಬೆಂಕಿಗೆ ತುಪ್ಪ ಹೊಯ್ಯುವುದರಿಂದ ಹೋಮ, ಆಹುತಿ, ಹವಿಸ್ಸು ಎಲ್ಲವೂ. ಇದರ ಜ್ಞಾತಿಪದ ಜರ್ಮಾನಿಕ್ ಭಾಷೆಗಳಲ್ಲಿ, ನಿಯಮದಂತೆ, ಗ-ಕಾರದಿಂದ ಶುರುವಾಗುತ್ತದೆ. ಐಸ್‌ಲ್ಯಾಂಡಿನಲ್ಲಿ ‘ಗೇಯ್ಸಿರ್’ ಎಂಬ ಬಿಸಿನೀರಿನ ಬುಗ್ಗೆಯೊಂದಿದೆ, ಉಕ್ಕಿ ಚಿಮ್ಮುವುದು ಎಂದು ಅದರ ಅರ್ಥ. ಆ ಹೆಸರೇ ಇಂಗ್ಲಿಷಿಗೆ ಹೋಗಿ, ಕೊನೆಗೆ ನೀರು ಕಾಯಿಸುವ ಯಂತ್ರಕ್ಕೆ ಅಂಟಿಕೊಂಡು ನಮ್ಮ ಬಚ್ಚಲಿನ ಗೋಡೆಗೆ ಬಂದು ನೇತಾಡುತ್ತಿದೆ. ಹೋಮದ ನೆಂಟ ಹೋಮ್ ಅಲ್ಲ, ಗೀಸರ್. ಇದನ್ನು ವಾಸ್ತು ಸಲಹೆಗಾರರ ಕಿವಿಗೆ ಹಾಕಬೇಡಿ. ಗೀಸರನ್ನು ಆಗ್ನೇಯ ಮೂಲೆಗೆ ಸರಿಸಲು ಇನ್ನೊಂದು ಶುಲ್ಕ ಕೇಳಿಯಾರು.

ಈಗ ಅರ್ಥದ ಮಾತು. ನನಗೆ ನಿಜವಾಗಿ ಹೇಳಬೇಕೆನಿಸುವುದು ಇದೇ. ‘ಹೋಮ್’ ಎಂದರೆ ಮನೆ ಎಂದು ನಾವು ಒಂದನೆಯ ತರಗತಿಯಿಂದ ಬಾಯಿಪಾಠ ಮಾಡಿದ್ದೇವೆ. ಹಳೆಯ ದಾಖಲೆಗಳು ಬೇರೆ ಮಾತನ್ನು ಹೇಳುತ್ತವೆ. ಜರ್ಮಾನಿಕ್ ಕುಟುಂಬದಲ್ಲಿ ದೊಡ್ಡ ಪ್ರಮಾಣದಲ್ಲಿ ಉಳಿದಿರುವ ಅತ್ಯಂತ ಹಳೆಯ ಬರವಣಿಗೆಯೆಂದರೆ 4ನೆಯ ಶತಮಾನದಲ್ಲಿ ಬಿಷಪ್ ವುಲ್ಫಿಲನಿಂದ ಗೋಥಿಕ್ ಭಾಷೆಗೆ ಬಂದ ಬೈಬಲ್. ಅದರಲ್ಲಿ ‘ಹೈಮ್ಸ್’ ಎಂಬ ಪದ ನಿಂತಿರುವುದು ಗ್ರೀಕಿನ ಮನೆ ಎಂಬ ಪದದ ಜಾಗದಲ್ಲಲ್ಲ, ಹಳ್ಳಿ ಎಂಬ ಪದದ ಜಾಗದಲ್ಲಿ. ಸ್ಕ್ಯಾಂಡಿನೇವಿಯದವರ ಹಳೆಯ ನಾರ್ಸ್ ಭಾಷೆಯಲ್ಲಿ ‘ಹೈಮರ್’ ಎಂದರೆ ಲೋಕ. ಅವರ ಪುರಾಣದ ದೈತ್ಯರ ಲೋಕಕ್ಕೆ ‘ಯೋತುನ್‌ಹೈಮರ್’ ಎಂದು ಹೆಸರು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಎಂದರೆ ಬೇಒರ್ಮ ಎಂಬವನ ಕಡೆಯವರು ನೆಲೆಸಿದ ಊರು. (ಹ್ಯಾಮ್ ಎಂದು ಕೊನೆಯಾಗುವ ಊರುಗಳನ್ನೆಲ್ಲ ಹೀಗೆ ಬಿಡಿಸಲು ಹೊರಡಬೇಡಿ, ಹೊಳೆಯ ತಿರುವಿನ ಜಮೀನಿಗೆ ‘ಹಮ್’ ಎಂಬ ಬೇರೆಯೇ ಪದವಿತ್ತು, ಬಕಿಂಗ್‌ಹ್ಯಾಮ್ ಆ ಲೆಕ್ಕಕ್ಕೆ ಸೇರಿದ್ದು.) ಗೋಡೆ, ಮಾಡು, ಬಾಗಿಲು ಇರುವ ಕಟ್ಟಡಕ್ಕೆ ಅವರ ಬಳಿ ‘ಹೂಸ್’ ಎಂಬ ಪದ ಆಗಲೇ ಇತ್ತು, ಅದೇ ಇಂದಿನ ಹೌಸ್. ‘ಹಾಮ್’ ಎಂದರೆ ತನ್ನವರೊಡನೆ ನೆಲೆ ನಿಂತ ಜಾಗ. ಮನೆಯೂ ಹೌದು, ಅದರ ಸುತ್ತಲಿನ ಹೊಲ, ನೆರೆಹೊರೆ, ಹಳ್ಳಿಯೂ ಹೌದು.

ಕನ್ನಡದಲ್ಲಿ ಇದಕ್ಕೆ ಹತ್ತಿರದ ಪದ ‘ಮನೆ’ಯಲ್ಲ, ‘ಊರು’. ದೀಪಾವಳಿಯ ಹಿಂದಿನ ರಾತ್ರಿ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ, ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಸಿಹಿಯ ಡಬ್ಬಿ ಹಿಡಿದು ಬಸ್ಸಿಗೆ ನಿಂತವರನ್ನು ಎಲ್ಲಿಗೆ ಹೊರಟಿರಿ ಎಂದು ಕೇಳಿ ನೋಡಿ. ಹತ್ತು ವರ್ಷಗಳಿಂದ ಬೆಂಗಳೂರಿನಲ್ಲೇ ಮನೆ ಮಾಡಿಕೊಂಡವರೂ ‘ಊರಿಗೆ’ ಎನ್ನುತ್ತಾರೆಯೇ ಹೊರತು ‘ಮನೆಗೆ’ ಎನ್ನುವುದಿಲ್ಲ. ಇಂಗ್ಲಿಷಿನವನು ಅಲ್ಲಿ ಬಳಸುವ ಪದ ‘ಹೋಮ್’. ನಮ್ಮ ‘ಮನೆ’ಯೋ ಬೇರೆ ದಿಕ್ಕಿಗೆ ಬೆಳೆದಿದೆ; ಅರಮನೆ, ಸೆರೆಮನೆಗಳಷ್ಟು ದೊಡ್ಡದಕ್ಕೂ ಅದು ಸಲ್ಲುತ್ತದೆ, ಅಡುಗೆಮನೆ, ದೇವರಮನೆಗಳಂಥ ಒಂದೇ ಕೋಣೆಗೂ ಸಲ್ಲುತ್ತದೆ.

ಸಂಸ್ಕೃತದಲ್ಲಿ ಹೋಮ್‌ಗೆ ನೆಂಟರು ಬೇಕೇಬೇಕು ಎನ್ನುವವರಿಗೆ ನಿರಾಸೆಯಾಗಬೇಕಿಲ್ಲ. ಹಲವು ವಿದ್ವಾಂಸರು ಈ ಪದವನ್ನು, ನೆಲೆಸು ಎಂಬ ಅರ್ಥದ ‘ಕ್ಷಿ’ ಧಾತು ಬಂದ ಮೂಲಕ್ಕೇ ಜೋಡಿಸುತ್ತಾರೆ. ಮಲಗು ಎಂಬ ಅರ್ಥದ ‘ಶೀ’ ಧಾತುವಿನ, ಅಂದರೆ ಶಯನದ, ಕಡೆಗೆ ಒಲಿಯುವವರೂ ಕೆಲವರಿದ್ದಾರೆ. ನನ್ನ ಒಲವು ಮೊದಲನೆಯದಕ್ಕೆ. ‘ಕ್ಷಿ’ಯಿಂದ ಕ್ಷಿತಿ, ಕ್ಷೇತ್ರ ಬಂದವು, ಹೋಮ್‌ನ ಕೊನೆಯಲ್ಲಿರುವ ಮ-ಕಾರವೇ ಸೇರಿ ‘ಕ್ಷೇಮ’ವೂ ಬಂತು. ವೇದಗಳ ಕಾಲದಲ್ಲಿ ಯೋಗ ಎಂದರೆ ನೊಗ ಹೂಡಿ ಹೊರಡುವುದು, ಕ್ಷೇಮ ಎಂದರೆ ನೊಗ ಇಳಿಸಿ ಒಂದೆಡೆ ನೆಲೆಯಾಗುವುದು. ಜೀವವಿಮಾ ನಿಗಮದ ಲಾಂಛನದ ಕೆಳಗಿನ ‘ಯೋಗಕ್ಷೇಮ’ದಲ್ಲಿ ಆ ಜೋಡಿ ಇಂದಿಗೂ ಒಟ್ಟಿಗಿದೆ. ‘ಇಲ್ಲಿ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮ ಸಮಾಚಾರಕ್ಕೆ ಪತ್ರ ಬರೆಯುತ್ತಿರಿ’ ಎಂದು ನನ್ನ ತಾಯಿ ಪ್ರತಿ ಕಾಗದದ ತುದಿಯಲ್ಲಿ ಬರೆಯುತ್ತಿದ್ದರು. ಹೋಮ್‌ನ ನಿಜವಾದ ನೆಂಟ ಆ ಸಾಲಿನಲ್ಲಿತ್ತು. ಆದರೆ ದಯವಿಟ್ಟು ‘ಕ್ಷೇಮದಿಂದ ಹೋಮ್ ಬಂತು’ ಎಂದು ಇದನ್ನು ನಾಳೆಯೇ ವಾಟ್ಸ್ಆ್ಯಪ್‌ಗೆ ಹಾಕಬೇಡಿ. ಇವು ಒಂದೇ ಅಜ್ಜಿಯ ಮೊಮ್ಮಕ್ಕಳು. ದೊಡ್ಡಪ್ಪನ ಮಗಳಿಗೆ ಚಿಕ್ಕಪ್ಪನ ಮಗ ಹುಟ್ಟಿದ ಎಂದು ಯಾರೂ ಹೇಳುವುದಿಲ್ಲ.

ಗೃಹಪ್ರವೇಶಕ್ಕೆ ಹೋಮ ಮಾಡಿಸುವುದು, ಬಿಡುವುದು ನಿಮ್ಮ ಇಷ್ಟ. ಅದಕ್ಕೆ ಇಂಗ್ಲಿಷ್ ನಿಘಂಟಿನ ಅಪ್ಪಣೆ ಬೇಕಾಗಿಲ್ಲ.

ಪ್ರಶ್ನೆ: ದೊಡ್ಡ ಮನೆ ಎಂಬ ಅರ್ಥದ ಸಂಸ್ಕೃತದ ‘ಹರ್ಮ್ಯ’ದಿಂದ ‘ಹೋಮ್’ ಬಂದಿರಬಹುದಲ್ಲವೇ? (ಮೈಸೂರು)

ಉತ್ತರ: ಇಲ್ಲ. ಅದೇ ಹ-ಕಾರದ ತೊಡಕು, ಮೇಲೆ ಓದಿ.

ಪ್ರಶ್ನೆ: ಕನ್ನಡದ ‘ಮನೆ’ಗೂ ಇಂಗ್ಲಿಷಿನ ‘ಮ್ಯಾನ್ಷನ್’, ‘ಮ್ಯಾನರ್’ಗಳಿಗೂ ಸಂಬಂಧವಿದೆ, ಇಂಗ್ಲಿಷರು ನಮ್ಮಿಂದ ಕದ್ದರು ಎಂದು ಒಂದು ವಿಡಿಯೊದಲ್ಲಿ ನೋಡಿದೆ. (ಹುಬ್ಬಳ್ಳಿ)

ಉತ್ತರ: ಹೋಮದವರು ಸಂಸ್ಕೃತದ ಹೆಸರಿನಲ್ಲಿ ಮಾಡುವುದನ್ನು ಇವರು ಕನ್ನಡದ ಹೆಸರಿನಲ್ಲಿ ಮಾಡುತ್ತಿದ್ದಾರೆ, ಅಷ್ಟೇ. ಮ್ಯಾನ್ಷನ್ ಬಂದದ್ದು ತಂಗು, ಉಳಿ ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದ ‘ಮನೇರೆ’ಯಿಂದ, ‘ರಿಮೇನ್’, ‘ಪರ್ಮನೆಂಟ್’ಗಳೂ ಅದರ ಸಂತಾನವೇ. ನಮ್ಮ ‘ಮನೆ’ಗೆ ತಮಿಳಿನ ‘ಮನೈ’, ಮಲಯಾಳದ ‘ಮನ’ ಒಡಹುಟ್ಟಿದವು. ತಮಿಳಿನಲ್ಲಿ ‘ಮನ್ನು’ ಎಂದರೆ ನೆಲೆಯಾಗಿ ಉಳಿ ಎಂದಿರುವುದರಿಂದ ಹೋಲಿಕೆ ಇನ್ನೂ ಆಸೆ ಹುಟ್ಟಿಸುವಂತಿದೆ ಎಂಬುದನ್ನು ಒಪ್ಪುತ್ತೇನೆ. ಆದರೆ ದ್ರಾವಿಡ ಭಾಷೆಗಳು ಬೇರೆಯೇ ಕುಟುಂಬವೆಂದು ಫ್ರಾನ್ಸಿಸ್ ವೈಟ್ ಎಲ್ಲಿಸ್ 1816ರಲ್ಲೇ ಮದರಾಸಿನಲ್ಲಿ ಬರೆದಾಗಿದೆ. ಒಂದೆರಡು ಪದಗಳು ಹೋಲುವುದು ಆಕಸ್ಮಿಕವಾಗಿಯೂ ಆಗುತ್ತದೆ. ತಮಿಳಿನ ‘ಎಟ್ಟು’ ಮತ್ತು ಇಂಗ್ಲಿಷಿನ ‘ಎಯ್ಟ್’ ಎರಡೂ ಎಂಟೇ, ಆದರೂ ಅವುಗಳಿಗೆ ನಂಟಿಲ್ಲ. ಒಂಟಿ ಪದದ ಹೋಲಿಕೆಯಿಂದ ನಂಟು ಸಾಬೀತಾಗದು. ಹಂಸ-ಗೂಸ್ ಎಂಬುದರ ಹಿಂದೆ ಅಂಥವೇ ಹತ್ತಾರು ಜೋಡಿಗಳು ನಿಂತಿರುವಂತೆ ಮನೆ-ಮ್ಯಾನ್ಷನ್ ಹಿಂದೆ ನಿಲ್ಲುವ ಸಾಲನ್ನು ವಿಡಿಯೊದವರು ತೋರಿಸಲಿ, ಆಮೇಲೆ ಮಾತಾಡೋಣ.

ಪ್ರಶ್ನೆ: ‘ಗೋ ಟು ಸ್ಕೂಲ್’ ಸರಿಯಾದರೆ ‘ಗೋ ಟು ಹೋಮ್’ ಏಕೆ ತಪ್ಪು? ಮಕ್ಕಳಿಗೆ ಏನೆಂದು ಹೇಳಲಿ? (ಶಾಲಾ ಶಿಕ್ಷಕಿ, ತುಮಕೂರು)

ಉತ್ತರ: ಈ ವಾರ ಬಂದವುಗಳಲ್ಲಿ ನನಗೆ ಸಂತೋಷ ಕೊಟ್ಟ ಪ್ರಶ್ನೆ. ಹಳೆಯ ಇಂಗ್ಲಿಷಿನಲ್ಲಿ ಹೋಗುವ ಗುರಿಯನ್ನು ದ್ವಿತೀಯಾ ವಿಭಕ್ತಿಯೊಂದರಿಂದಲೇ ಹೇಳಬಹುದಿತ್ತು, ‘ಟು’ ಬೇಕಿರಲಿಲ್ಲ. ಆ ಪದ್ಧತಿ ಉಳಿದೆಲ್ಲ ಕಡೆ ಅಳಿದು, ದಿನವೂ ಬಾಯಲ್ಲಿರುವ ಈ ಪದದಲ್ಲಿ ಉಳಿದುಕೊಂಡಿತು. ಮಕ್ಕಳಿಗೆ ‘ಮನೆ ಸೇರಿದ’, ‘ಊರು ಸೇರಿದ’ ಎಂಬ ಪ್ರಯೋಗಗಳನ್ನು ನೆನಪಿಸಿ. ಅಲ್ಲಿ ‘ಗೆ’ ಪ್ರತ್ಯಯ ಕೇಳದೆಯೇ ಅರ್ಥ ತಲುಪುವುದಿಲ್ಲವೇ?

ಪ್ರಶ್ನೆ: ‘ಹಸ್ಬೆಂಡ್’ ಎಂದರೆ ಮನೆಯನ್ನು ಬ್ಯಾಂಡಿನಂತೆ ಬಿಗಿದು ಹಿಡಿದವನು ಎಂಬುದು ಸರಿಯೇ? (ಕಲಬುರಗಿ)

ಉತ್ತರ: ‘ಹಸ್’ ಮನೆಯೇ, ಬ್ಯಾಂಡು ಮಾತ್ರ ಸುಳ್ಳು. ನಾರ್ಸ್ ಭಾಷೆಯ ‘ಬೋಂದಿ’ ಎಂದರೆ ಸ್ವಂತ ಮನೆ-ಜಮೀನುಳ್ಳ ಒಕ್ಕಲಿಗ.

ಪ್ರಶ್ನೆ: ಹೋಮ್ ಮಿನಿಸ್ಟರ್ ಎನ್ನುವಾಗ ಯಾರ ಮನೆ? (ಬೆಳಗಾವಿ)

ಉತ್ತರ: ಯಾರ ಮನೆಯೂ ಅಲ್ಲ, ಸ್ವದೇಶ. 1782ರಲ್ಲಿ ಬ್ರಿಟನ್ನಿನಲ್ಲಿ ಹೊರದೇಶದ ವ್ಯವಹಾರಕ್ಕೆ ಒಂದು, ಒಳಾಡಳಿತಕ್ಕೆ ಇನ್ನೊಂದು ಕಚೇರಿ ಮಾಡಿದಾಗ ಬಂದ ಹೆಸರು. ಹೆಂಡತಿಯನ್ನು ಹೀಗೆ ಕರೆದು ನಗಿಸಲು ನೋಡುವವರು ನನಗೆ ಪತ್ರ ಬರೆಯಬೇಕಾಗಿಲ್ಲ.

ಪ್ರಶ್ನೆ: ‘ಬಂಗಲೆ’ ಎಂಬುದು ಇಂಗ್ಲಿಷರು ಕೊಟ್ಟ ಪದವೇ? (ಮಡಿಕೇರಿ)

ಉತ್ತರ: 17ನೆಯ ಶತಮಾನದಲ್ಲಿ ಇಂಗ್ಲಿಷರೇ ಇಲ್ಲಿಂದ ಒಯ್ದದ್ದು, ಬಂಗಾಳದ ಮಾದರಿಯ ಮನೆ ಎಂದು ಅರ್ಥ.