ಫೋಟೊ ನೋಡಿ ಹಳೇ ಕಟ್ಟಡ ಬಿಡಿಸಿದರೆ ಕಾಪಿ ಹೊಡೆದಂತಾ?

ನೀವು ಕೇಳಿದ್ದು ಇಷ್ಟು: ಕೆಲಸದ ಮೇಲೆ ಹುಬ್ಬಳ್ಳಿಗೆ ಬಂದಿದ್ದೀರಿ. ರಜೆ ದಿನ ಹಳೇ ಮನೆ, ಗುಡಿಗಳ ಚಿತ್ರ ಬಿಡಿಸುವ ಆಸೆ. ಚಿತ್ರಕಲೆ ಎಲ್ಲೂ ಕಲಿತಿಲ್ಲ. ಮೊಬೈಲಲ್ಲಿ ಫೋಟೊ ತೆಗೆದು, ಮನೆಯಲ್ಲಿ ಕೂತು ಅದನ್ನು ನೋಡಿ ಬಿಡಿಸಿದರೆ ಕಾಪಿ ಹೊಡೆದಂತಾ? ಈ ಕಡೆ ಎಲ್ಲಿಂದ ಶುರು ಮಾಡಬೇಕು? ಗುಡಿಯೊಳಗೆ ಫೋಟೊ ತೆಗೆಯೋಕೆ ಬಿಡ್ತಾರಾ?

ನಾನೂ ಕಲಿತವನಲ್ಲ. ಹುಬ್ಬಳ್ಳಿಯಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡಿದ್ದೇನೆ. ಮಧ್ಯಾಹ್ನ ಗಿರಾಕಿ ಕಡಿಮೆ ಇರುವಾಗ, ಎಂಆರ್‌ಗಳು, ಅಂದರೆ ಔಷಧ ಕಂಪನಿಯ ಪ್ರತಿನಿಧಿಗಳು, ಕೊಟ್ಟು ಹೋಗುವ ನೋಟ್‌ಪ್ಯಾಡಿನಲ್ಲಿ ಎದುರಿನ ಅಂಗಡಿ ಸಾಲು ಗೀಚುತ್ತ ಕೈ ಕೂಡಿಸಿಕೊಂಡವನು. ಕಟ್ಟಡ ಬಿಟ್ಟು ಬೇರೇನೂ ಬಿಡಿಸುವುದಿಲ್ಲ. ಮನುಷ್ಯರು ಅಲುಗಾಡ್ತಾರೆ, ಮೇಲಾಗಿ ತಮ್ಮ ಮುಖ ಹಾಗಿಲ್ಲ ಅಂತ ಜಗಳಕ್ಕೂ ಬರ್ತಾರೆ.

ಮೊದಲು ಫೋಟೊ ವಿಷಯ. ಕಾಪಿ ಅಲ್ಲ, ಯಾರಾದರೂ ಹಾಗಂದರೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಫೋಟೊ ಮಾಡುವ ಕೆಲಸವೇ ಬೇರೆ, ಗೆರೆ ಮಾಡುವ ಕೆಲಸವೇ ಬೇರೆ. ಕಟ್ಟಡ ಆ ಹೊತ್ತಿನಲ್ಲಿ ಹೇಗೆ ಕಾಣಿಸಿತು ಅನ್ನೋದನ್ನು ಫೋಟೊ ಹಿಡಿದಿಡುತ್ತದೆ. ಯಾವುದರ ಮೇಲೆ ಯಾವುದು ಕೂತಿದೆ, ಭಾರ ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ ಅನ್ನೋದು ಪೆನ್ಸಿಲ್ ಹಿಡಿದಾಗಲೇ ಗೊತ್ತಾಗೋದು. ಅದಕ್ಕೇ ತಿಳಿದವರು ಎರಡನ್ನೂ ಇಟ್ಟುಕೊಂಡರು. ನಮ್ಮ ಭಾಗದ ಗುಡಿಗಳ ಫೋಟೊ ಪುಸ್ತಕ 1866ರಷ್ಟು ಹಿಂದೆಯೇ ಲಂಡನ್ನಿನಲ್ಲಿ ಅಚ್ಚಾಗಿದೆ. ಪಿಗೌ ಅನ್ನುವ ಡಾಕ್ಟರು, ನೀಲ್ ಮತ್ತು ಕರ್ನಲ್ ಬಿಗ್ಸ್ ತೆಗೆದ ಧಾರವಾಡ, ಮೈಸೂರು ಸೀಮೆಯ ಫೋಟೊಗಳು ಅದರಲ್ಲಿವೆ. ಆಮೇಲೆ 1926ರಲ್ಲಿ ಪುರಾತತ್ವ ಇಲಾಖೆಯಿಂದ ಹೆನ್ರಿ ಕಸೆನ್ಸ್ ಬರೆದ ದೊಡ್ಡ ಪುಸ್ತಕ ಬಂತು, ಕನ್ನಡ ಜಿಲ್ಲೆಗಳ ಚಾಲುಕ್ಯ ಗುಡಿಗಳ ಮೇಲೆ. ಅದರಲ್ಲಿ ಫೋಟೊಗಳೂ ಇವೆ, ಅಳತೆ ಹಿಡಿದು ಬರೆದ ನಕ್ಷೆಗಳೂ ಇವೆ. ಕ್ಯಾಮೆರಾ ಇದ್ದೂ ಗೆರೆ ಎಳೆದರು ಅಂದರೆ ಏನೋ ಕಾರಣ ಇರಬೇಕಲ್ವಾ? ಈ ಪುಸ್ತಕ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ, ಒಮ್ಮೆ ತಿರುವಿ ಹಾಕಿ. ಇಂಗ್ಲಿಷ್ ಓದೋಕೆ ಬೇಜಾರಾದರೆ ಬರೀ ನಕ್ಷೆ ನೋಡಿದರೂ ಸಾಕು.

ಮೊಬೈಲ್ ಫೋಟೊ ಎಲ್ಲೆಲ್ಲಿ ದಾರಿ ತಪ್ಪಿಸುತ್ತದೆ ಅಂತ ತಿಳಿದಿದ್ದರೆ ಅರ್ಧ ಕೆಲಸ ಆದಂತೆ. ಶಿಖರ ಪೂರ್ತಿ ಬರಲಿ ಅಂತ ಮೊಬೈಲನ್ನು ಮೇಲಕ್ಕೆ ವಾಲಿಸುತ್ತೇವೆ. ಆಗ ನೇರ ನಿಂತ ಗೋಡೆಗಳೆಲ್ಲ ಮೇಲೆ ಹೋಗುತ್ತ ಒಂದಕ್ಕೊಂದು ಹತ್ತಿರ ಬರುತ್ತವೆ. ಅದನ್ನೇ ನೋಡಿ ಬಿಡಿಸಿದರೆ ಇಡೀ ಗುಡಿ ಹಿಂದಕ್ಕೆ ಬೀಳುತ್ತಿರುವಂತೆ ಕಾಣುತ್ತದೆ. ಇದಕ್ಕೆ ಮದ್ದು ಸುಲಭ. ಹಿಂದಕ್ಕೆ ಸರಿಯಿರಿ, ಮೊಬೈಲನ್ನು ಗೋಡೆಯ ಹಾಗೆ ನೇರ ಹಿಡಿಯಿರಿ, ಕೆಳಗೆ ನೆಲ ಜಾಸ್ತಿ ಬಂದರೆ ಆಮೇಲೆ ಕತ್ತರಿಸಿ. ಕ್ಯಾಮೆರಾದ ಸೆಟ್ಟಿಂಗಿನಲ್ಲಿ ಗ್ರಿಡ್ ಗೆರೆ ಹಾಕಿಕೊಂಡರೆ ವಾಲಿದ್ದು ತಕ್ಷಣ ಗೊತ್ತಾಗುತ್ತದೆ. ವೈಡ್ ಲೆನ್ಸ್ ಬೇಡವೇ ಬೇಡ. ಹತ್ತಿರದ ಮೂಲೆಯನ್ನು ಅದು ಉಬ್ಬಿಸಿಬಿಡುತ್ತದೆ. ಇನ್ನು ನೆರಳು. ಗುಡಿಯ ನವರಂಗದೊಳಗಿನ, ಅಂದರೆ ಕಂಬಗಳ ಒಳ ಮಂಟಪದ, ಕತ್ತಲೆ ಮೊಬೈಲಿಗೆ ಬರೀ ಕಪ್ಪು. ಬಿಸಿಲಿನಿಂದ ಒಳಗೆ ಹೋಗಿ ಸ್ವಲ್ಪ ಹೊತ್ತು ಸುಮ್ನೆ ನಿಂತರೆ ನಿಮ್ಮ ಕಣ್ಣಿಗೆ ಅದೇ ಕತ್ತಲಲ್ಲಿ ಕಂಬ, ಕಂಬದ ಹಿಂದಿನ ಗೋಡೆ, ಗೋಡೆಯ ಗೂಡು ಎಲ್ಲ ಬೇರೆ ಬೇರೆಯಾಗಿ ಕಾಣುತ್ತವೆ. ಯಾವುದು ಎಷ್ಟು ಕಪ್ಪು ಅಂತ ಪುಸ್ತಕದ ಅಂಚಿನಲ್ಲಿ ಅಲ್ಲೇ ಬರೆದುಕೊಂಡು ಬನ್ನಿ.

ನನ್ನ ಪದ್ಧತಿ ಹೀಗೆ: ಸ್ಥಳದಲ್ಲಿ ಪೆನ್ಸಿಲ್ಲಿನಿಂದ ದೊಡ್ಡ ಆಕಾರ, ಎತ್ತರ ಅಗಲದ ಲೆಕ್ಕ. ಆಮೇಲೆ ಫೋಟೊ. ಮನೆಗೆ ಬಂದ ಮೇಲೆ ಸಣ್ಣ ಕೆತ್ತನೆಗೆ, ಕಿಟಕಿ ಎಷ್ಟಿದ್ದವು ಅನ್ನೋದಕ್ಕೆ ಮಾತ್ರ ಫೋಟೊ ತೆರೆಯುತ್ತೇನೆ. ಮೊದಲೇ ಫೋಟೊ ತೆಗೆದರೆ ಎಲ್ಲ ಸಿಕ್ಕಿತು ಅನ್ನಿಸಿ ಕೂತು ನೋಡುವ ತಾಳ್ಮೆ ಹೋಗಿಬಿಡುತ್ತದೆ.

ಪರ್ಸ್‌ಪೆಕ್ಟಿವ್, ಅಂದರೆ ದೂರ ಹೋದ ಹಾಗೆ ಎಲ್ಲ ಸಣ್ಣದಾಗಿ ಕಾಣುವುದನ್ನು ಹಾಳೆಯ ಮೇಲೆ ತರೋದು, ಭಯ ಅಂತಲೂ ಬರೆದಿದ್ದೀರಿ. ಪ್ಲಾಟ್‌ಫಾರ್ಮ್ ಟಿಕೆಟ್ ತಗೊಂಡು ನಮ್ಮ ಸಿದ್ಧಾರೂಢ ಸ್ವಾಮೀಜಿ ಸ್ಟೇಷನ್ನಿಗೆ ಹೋಗಿ ಕೂತುಬಿಡಿ. ಅಲ್ಲಿನ 1507 ಮೀಟರ್ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದದ್ದು ಅಂತ 2023ರಿಂದ ದಾಖಲೆ ಇದೆ. ಚಾವಣಿಯ ಅಂಚು, ಕಂಬಗಳ ಬುಡ, ಹಳಿ, ಎಲ್ಲ ಗೆರೆಗಳೂ ದೂರದಲ್ಲಿ ಹೋಗಿ ಒಂದೇ ಕಡೆ ಕೂಡುತ್ತವೆ, ಅದೂ ನಿಮ್ಮ ಕಣ್ಣಿನ ಎತ್ತರದಲ್ಲೇ. ಎದ್ದು ನಿಂತರೆ ಆ ಜಾಗವೂ ಏರುತ್ತದೆ. ಪುಸ್ತಕದಲ್ಲಿ ಎಷ್ಟು ಓದಿದರೂ ತಲೆಗೆ ಹೋಗದ ವಿಷಯ ಅಲ್ಲಿ ಒಂದು ಗಾಡಿ ಬಂದು ಹೋಗೋದರೊಳಗೆ ತಿಳಿಯುತ್ತದೆ.

ಎಲ್ಲಿಂದ ಶುರು ಅಂದರೆ, ದಯವಿಟ್ಟು ಗದಗಿನ ಹತ್ತಿರದ ಲಕ್ಕುಂಡಿಯಿಂದ ಬೇಡ. ಎಲ್ಲರೂ ಮೊದಲು ಅಲ್ಲಿಗೇ ಓಡುತ್ತಾರೆ, ಕಾಶಿವಿಶ್ವನಾಥ ಗುಡಿಯ ಕೆತ್ತನೆ ತುಂಬಿದ ಬಾಗಿಲವಾಡದ (ಬಾಗಿಲ ಚೌಕಟ್ಟಿನ) ಮುಂದೆ ಕೂತು ಒಂದು ಮೊಳ ಬಿಡಿಸುವಷ್ಟರಲ್ಲಿ ಸೋತು ಏಳುತ್ತಾರೆ. ಧಾರವಾಡದ ಒಂದು ಹಂಚಿನ ಮನೆಯಿಂದ ಶುರು ಮಾಡಿ. ಮಾಳಮಡ್ಡಿ ಕಡೆ ಅಂಥವು ಇನ್ನೂ ಇವೆ. ಎರಡು ಇಳಿಜಾರು, ಮುಂದೆ ಕಟ್ಟೆ, ಮರದ ಕಂಬ, ಸರಳಿನ ಕಿಟಕಿ. ಇಷ್ಟೇ ಆಕಾರ. ಹೊಸಬರು ಒಂದೊಂದು ಹಂಚನ್ನೂ ಬಿಡಿಸಲು ಹೋಗಿ ಚಾವಣಿಯನ್ನು ಮೀನಿನ ಮೈ ಮಾಡಿಬಿಡುತ್ತಾರೆ. ಮಂಗಳೂರು ಹಂಚಿನಲ್ಲಿ ಕಣ್ಣಿಗೆ ಬೀಳೋದು ಇಳಿಜಾರಿನುದ್ದಕ್ಕೂ ಇಳಿಯುವ ಏಣುಗೆರೆಗಳು, ಮತ್ತೆ ಕೆಳ ಅಂಚಿನಲ್ಲಿ ಹಂಚಿನ ತುದಿಗಳು ಗೋಡೆಯ ಮೇಲೆ ಬೀಳಿಸುವ ಅಂಕುಡೊಂಕು ನೆರಳು. ಆ ನೆರಳೊಂದನ್ನು ಸರಿಯಾಗಿ ಹಾಕಿ, ಬಿಸಿಲು ಬಿದ್ದ ಕಡೆ ನಾಲ್ಕಾರು ಹಂಚು ತೋರಿಸಿ, ಉಳಿದದ್ದಕ್ಕೆ ಕೆಂಪು ಬಣ್ಣ ಬಳಿದು ಬಿಡಿ. ನೋಡುವವರು ತಾವೇ ಹಂಚು ತುಂಬಿಕೊಳ್ತಾರೆ. ಹೊಸ ಹಂಚು ಕಿತ್ತಳೆ ಕಡೆ ಇರುತ್ತದೆ, ಹಳೆಯದು ಮಳೆ ಪಾಚಿ ಹಿಡಿದು ಕಪ್ಪಗಾಗಿರುತ್ತದೆ. ಎರಡೂ ಒಂದೇ ಚಾವಣಿಯಲ್ಲಿ ತೇಪೆ ತೇಪೆಯಾಗಿ ಇದ್ದರೆ ನಿಮ್ಮ ಅದೃಷ್ಟ.

ಜನರ ಮಾತಿಗೆ ತಯಾರಾಗಿರಿ. ಒಂದು ಸಲ ಹೀಗೇ ಪೆನ್ಸಿಲನ್ನು ತೋಳುದ್ದ ಹಿಡಿದು, ಒಂದು ಕಣ್ಣು ಮುಚ್ಚಿ ಗೋಡೆಯ ಎತ್ತರ ಅಳೆಯುತ್ತಿದ್ದೆ. ಒಳಗಿನಿಂದ ಅಜ್ಜಿಯೊಬ್ಬರು ಬಂದು, "ಏನ್ ತಮ್ಮಾ, ಅಳತಿ ತಗೊಳಾಕತ್ತೀಯೇನು? ರಸ್ತಾ ಅಗಲ ಮಾಡ್ತಾರೇನು?" ಅಂದರು. "ಇಲ್ಲಬೇ ಯವ್ವಾ, ಸುಮ್ನ ಚಿತ್ರ ಬಿಡಸಾಕತ್ತೇನಿ" ಅಂದೆ. ನಂಬಿಕೆ ಬರಲಿಲ್ಲ. ಪುಸ್ತಕ ಇಸಿದುಕೊಂಡು, ದೂರ ಹಿಡಿದು ನೋಡಿ, "ಹಂಗಾರ ಆ ಒಡದ ಹಂಚು ಹಾಕಬ್ಯಾಡ. ಬದಲಸೋದೈತಿ" ಅಂದು ಒಳಗೆ ಹೋದರು. ನಾನು ಹಾಕಿಯೇ ಹಾಕಿದೆ. ಇಡೀ ಚಾವಣಿಯಲ್ಲಿ ಚೆಂದ ಇದ್ದದ್ದು ಅದೊಂದೇ.

ಧಾರವಾಡದಿಂದ ಗದಗಿನ ಕಡೆಗೆ ರೈಲಿನ ಕಿಟಕಿಯಲ್ಲಿ ನೋಡುತ್ತ ಹೋಗಿ, ಕಟ್ಟಡವೂ ಬದಲಾಗುತ್ತದೆ. ಧಾರವಾಡ ಮಲೆನಾಡಿನ ಸೆರಗು, ಮಳೆ ಜಾಸ್ತಿ, ಅದಕ್ಕೆ ಇಳಿಜಾರು ಹಂಚು. ಪೂರ್ವಕ್ಕೆ ಹೋದ ಹಾಗೆ ಮಳೆ ಕಡಿಮೆ, ಎರೆ ನೆಲ. ಹಳ್ಳಿಗಳಲ್ಲಿ ಚಪ್ಪಟೆ ಮಣ್ಣಿನ ಮಾಳಿಗೆ. ತೊಲೆ, ಜಂತಿ, ಮೇಲೆ ಮಣ್ಣು, ನಡುವೆ ಬೆಳಕಿಂಡಿ. ಮಾಳಿಗೆ ಮನೆಯ ಹೊರಗೆ ಬಿಡಿಸಲು ಹೆಚ್ಚೇನಿಲ್ಲ, ಒಂದು ಗೋಡೆ, ಒಂದು ಬಾಗಿಲು. ಅದರ ಚಿತ್ರ ಇರೋದು ಒಳಗೆ, ಬೆಳಕಿಂಡಿಯಿಂದ ಪಡಸಾಲೆಯ ನೆಲಕ್ಕೆ ಬೀಳುವ ಬಿಸಿಲಿನ ಚೌಕದಲ್ಲಿ. ಪರಿಚಯದವರ ಮನೆ ಇದ್ದರೆ ಕೇಳಿ ನೋಡಿ, ಇಲ್ಲ ಅನ್ನೋರು ಕಡಿಮೆ.

ಈಗ ಗುಡಿ. ಅದರಲ್ಲೂ ನಾನು ನಿಮ್ಮನ್ನು ಮೊದಲು ಕಳಿಸೋದು ಡಂಬಳಕ್ಕೆ. ಗದಗಿನಿಂದ ಮುಂಡರಗಿ ಕಡೆ ಇರುವ ಊರು. ಅಲ್ಲಿನ ದೊಡ್ಡಬಸಪ್ಪ ಗುಡಿ 12ನೇ ಶತಮಾನದ್ದು. ಎದುರು ನಿಂತು ಬಿಡಿಸೋಕೆ ಹೊರಟರೆ ತಲೆ ತಿರುಗುತ್ತದೆ. ಗರ್ಭಗುಡಿಯ ಹೊರಗೋಡೆ ಪೂರ್ತಿ ಮಡಿಕೆ ಮಡಿಕೆ, ಎಲ್ಲಿ ಮುಗಿಯಿತು, ಎಲ್ಲಿ ಶುರುವಾಯಿತು ತಿಳಿಯೋದಿಲ್ಲ. ನಾನು ಫೋಟೊ ಎಷ್ಟೋ ತೆಗೆದಿದ್ದೆ. ಎಲ್ಲದರಲ್ಲೂ ನೆರಳಿನ ಪಟ್ಟೆಗಳು, ಅಷ್ಟೇ. ಅರ್ಥ ಆದದ್ದು ಮಗಳ ಕಂಪಾಸ್ ಬಾಕ್ಸ್ ತೆಗೆದಾಗ.

ನೀವೂ ಮಾಡಿ ನೋಡಿ. ಒಂದು ಚೌಕ ಬರೆಯಿರಿ. ಅದರ ನಟ್ಟನಡುವೆ ಚುಕ್ಕಿ ಇಡಿ. ಆ ಚುಕ್ಕಿಯ ಸುತ್ತ ಅಷ್ಟೇ ದೊಡ್ಡ ಚೌಕವನ್ನು 15 ಡಿಗ್ರಿ ತಿರುಗಿಸಿ ಬರೆಯಿರಿ. ಮತ್ತೆ 15 ಡಿಗ್ರಿ, ಇನ್ನೊಂದು. ಹೀಗೆ ಒಟ್ಟು 6 ಚೌಕ ಆದ ಮೇಲೆ ಮುಂದಿನದು ಮೊದಲಿನ ಚೌಕದ ಮೇಲೇ ಬಂದು ಕೂರುತ್ತದೆ. ಈಗ ಒಳಗಿನ ಗೆರೆಗಳನ್ನೆಲ್ಲ ರಬ್ಬರಿನಿಂದ ಅಳಿಸಿ, ಹೊರಗಿನ ಅಂಚು ಮಾತ್ರ ಉಳಿಸಿ. 24 ಮೂಲೆಗಳ ನಕ್ಷತ್ರ ಸಿಗುತ್ತದೆ. ಒಂದೊಂದು ಮೂಲೆಯೂ ಗುಂಡುಮೂಲೆ ಅಲ್ಲ, ಚೌಕದ ನೇರ ಮೂಲೆಯೇ. ದೊಡ್ಡಬಸಪ್ಪ ಗುಡಿಯ ಗರ್ಭಗುಡಿಗೂ ಇದೇ 24 ಮೂಲೆ. ಅದೇ ನಕ್ಷತ್ರ ಸಣ್ಣದಾಗುತ್ತ ಅಂತಸ್ತು ಅಂತಸ್ತಾಗಿ ಶಿಖರಕ್ಕೆ ಏರುತ್ತದೆ. ಈ ಹಾಳೆ ಕೈಯಲ್ಲಿ ಹಿಡಿದು ಗುಡಿಯ ಎದುರು ನಿಲ್ಲಿ. ಮಡಿಕೆಗಳು ಈಗ ಗೊಂದಲ ಅನ್ನಿಸೋದಿಲ್ಲ. ಎದುರಿನ ಮೂಲೆಗಳು ಅಗಲ, ಪಕ್ಕಕ್ಕೆ ಹೋದ ಹಾಗೆ ಇಕ್ಕಟ್ಟು. ಯಾವ ಮೂಲೆಯ ಯಾವ ಮುಖಕ್ಕೆ ಬಿಸಿಲು, ಯಾವುದಕ್ಕೆ ನೆರಳು ಅಂತ ನೋಡದೆಯೇ ಹೇಳಬಹುದು. ಆಮೇಲೆ ಫೋಟೊ ತೆಗೆದರೆ ಆ ಫೋಟೊ ಕೂಡ ಓದಲು ಬರುತ್ತದೆ. ಫೋಟೊದಿಂದ ಚಿತ್ರಕ್ಕೆ ಬರೋದಕ್ಕಿಂತ ಚಿತ್ರದಿಂದ ಫೋಟೊಕ್ಕೆ ಹೋಗೋದು ಒಳ್ಳೇದು ಅಂತ ನಾನು ವಾದ ಮಾಡೋದು ಇದಕ್ಕೇ.

ಲಕ್ಕುಂಡಿಗೆ ಇದಾದ ಮೇಲೆ ಹೋಗಿ. ಅಲ್ಲಿ ಗುಡಿ ಪೂರ್ತಿ ಬಿಡಿಸಬೇಡಿ, ಗೋಡೆಯ ಮೇಲೆ ಕೆತ್ತಿರುವ ಪುಟ್ಟ ಶಿಖರಗಳಲ್ಲಿ ಒಂದನ್ನು ಆರಿಸಿಕೊಳ್ಳಿ. ಗೇಣುದ್ದದ ಜಾಗದಲ್ಲಿ ಒಂದು ಇಡೀ ಗುಡಿಯ ಮಾದರಿ ಇರುತ್ತದೆ. ಇಷ್ಟು ಸಣ್ಣ ಕೆಲಸ ಸಾಧ್ಯವಾದದ್ದು ಬಳಪದ ಕಲ್ಲಿನಿಂದ. ಶಿಲ್ಪಿಗಳು ಬಾದಾಮಿ ಕಡೆಯ ಮರಳುಗಲ್ಲು ಬಿಟ್ಟು ಈ ಕಲ್ಲಿಗೆ ಬಂದ ಮೇಲೆ ಉಳಿ ಬಹಳ ನಯವಾಗಿ ಓಡತೊಡಗಿತು. ತಿರುಗಣಿಯಲ್ಲಿ ತಿರುವಿದ ಕಂಬಗಳೂ ಈ ಕಲ್ಲಿನ ಕೊಡುಗೆಯೇ. ಅಂಥ ಕಂಬ ಬಿಡಿಸುವಾಗ ಮೊದಲು ನಡುವೆ ಒಂದು ನೇರ ಗೆರೆ ಎಳೆಯಿರಿ, ಎರಡೂ ಬದಿ ಅದರಿಂದಲೇ ಅಳೆಯಿರಿ. ಕಣ್ಣಿಗಿಂತ ಮೇಲಿನ ಬಳೆಗಳು ಮೇಲಕ್ಕೆ ಬಾಗುತ್ತವೆ, ಕೆಳಗಿನವು ಕೆಳಕ್ಕೆ. ಹಾವೇರಿ ಜಿಲ್ಲೆಯ ಬಂಕಾಪುರದ ಕೋಟೆಯೊಳಗಿನ ಅರವತ್ತು ಕಂಬದ ಗುಡಿ ಇದಕ್ಕೆ ಹೇಳಿ ಮಾಡಿಸಿದ ಜಾಗ. ನವಿಲು ಬೇರೆ ಕೂಗುತ್ತಿರುತ್ತವೆ.

ಬಣ್ಣದ ಬಗ್ಗೆ ಚಿಕ್ಕದಾಗಿ. ಬಳಪದ ಕಲ್ಲು ಬರೀ ಬೂದಿ ಅಲ್ಲ, ಕಪ್ಪೂ ಅಲ್ಲ, ಹಸಿರು ಮಿಶ್ರ ಬೂದಿ. ಟ್ಯೂಬಿನ ಕಪ್ಪು ಮುಟ್ಟಬೇಡಿ, ಕಲ್ಲು ಸತ್ತಂತಾಗುತ್ತದೆ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಅನ್ನುವ ಕೆಂಗಂದು ಬಣ್ಣ ಬೆರೆಸಿ, ಬೇಕಾದರೆ ಚೂರು ಹಸಿರು. ಪೇಪರಿಗೆ ಮಾತ್ರ ಜಿಪುಣತನ ಬೇಡ, 300 ಜಿಎಸ್‌ಎಂ ಅನ್ನುವ ದಪ್ಪ ಹಾಳೆ ತಗೊಳ್ಳಿ. ತೆಳ್ಳಗಿನ ಕಾರ್ಟ್ರಿಜ್ ಹಾಳೆ ನೀರು ಬಿದ್ದರೆ ಅಲೆ ಏಳುತ್ತದೆ, ನೇರ ಗೋಡೆ ಬಿಡಿಸೋರಿಗೆ ಅದು ಆಗಿಬರೋದಿಲ್ಲ.

ಹೋಗುವ ಹೊತ್ತು ನೋಡಿಕೊಳ್ಳಿ. ಹೆಚ್ಚಿನ ಗುಡಿಗಳು ಪೂರ್ವಕ್ಕೆ ಮುಖ ಮಾಡಿರುತ್ತವೆ, ಎದುರಿನಿಂದ ಬಿಡಿಸಲು ಬೆಳಗ್ಗೆ ಸರಿ. ಹಾವೇರಿಯ ಸಿದ್ಧೇಶ್ವರ ಗುಡಿ ಪಶ್ಚಿಮಕ್ಕೆ ಮುಖ ಮಾಡಿದೆ. ಅಲ್ಲಿಗೆ ಸಂಜೆ ಹೋಗಬೇಕು. ನಡು ಮಧ್ಯಾಹ್ನ ಎಲ್ಲೂ ಬೇಡ. ಬಿಸಿಲು ನೆತ್ತಿಯ ಮೇಲಿದ್ದರೆ ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ, ನಿಮಗೂ ತಲೆನೋವು ಬರುತ್ತದೆ. ಮಾತ್ರೆ ನನ್ನ ಅಂಗಡಿಯಲ್ಲೇ ತಗೊಳ್ಳಿ ಅಂತ ಹೇಳಬಹುದಿತ್ತು, ಬೇಡ.

ಕೊನೆಯ ಪ್ರಶ್ನೆ, ಫೋಟೊ ಬಿಡ್ತಾರಾ ಅಂತ. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಕಡೆ ಮೊಬೈಲಲ್ಲಿ ಹೊರಗಿನ ಫೋಟೊ ತೆಗೆಯೋಕೆ ತೊಂದರೆ ಇಲ್ಲ. ಟ್ರೈಪಾಡ್ ತಂದರೆ ಮಾತ್ರ ಮೊದಲೇ ಅನುಮತಿ ಕೇಳ್ತಾರೆ, ಅದನ್ನು ಮನೇಲೇ ಬಿಟ್ಟು ಹೋಗಿ. ಪೂಜೆ ನಡೆಯುವ ಗುಡಿಗಳಲ್ಲಿ ಗರ್ಭಗುಡಿಯ ಕಡೆ ಮೊಬೈಲ್ ತಿರುಗಿಸಬೇಡಿ, ಉಳಿದದ್ದಕ್ಕೆ ಪೂಜಾರಿಯವರನ್ನು ಒಂದು ಮಾತು ಕೇಳಿ. ಚಿತ್ರ ಬಿಡಿಸೋಕೆ ಯಾರೂ ಬೇಡ ಅಂದದ್ದು ನಾನು ಕಂಡಿಲ್ಲ. ಮಡಚುವ ಸಣ್ಣ ಸ್ಟೂಲ್ ಒಯ್ಯಿರಿ, ಕಲ್ಲು ಕಾದಿರುತ್ತದೆ.