ಮೇಷ್ಟ್ರನ್ನು ಕೇಳಿ: ಮುಹೂರ್ತದ ಹಿಂದಿನ ದಿನ ಲೇಪಾಕ್ಷಿ, ಊಟ ಆದ ಮೇಲೆ ಹೇಮಾವತಿ

ಪ್ರಶ್ನೆ: ಮೇಷ್ಟ್ರಿಗೆ ನಮಸ್ಕಾರ. ನನ್ನ ಅಣ್ಣನ ಮಗನ ಮದುವೆ ಮಡಕಶಿರಾದಲ್ಲಿ ಇದೆ. ಅದು ಹುಡುಗಿಯ ಊರು. ಹಿಂದಿನ ದಿನ ಸಂಜೆ ಏಳಕ್ಕೆ ಆರತಕ್ಷತೆ, ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ಮುಹೂರ್ತ. ನಾವು ಧಾರವಾಡದಿಂದ ರಾತ್ರಿ ಟಿಟಿ ಮಾಡಿಕೊಂಡು 13 ಜನ ಬರುತ್ತಿದ್ದೇವೆ. ಅಷ್ಟು ದೂರ ಬಂದು ಲೇಪಾಕ್ಷಿ ನೋಡದೆ ಹೇಗೆ ಹೋಗುವುದು? ಪೆನುಕೊಂಡ, ಹೇಮಾವತಿ ಅಂತಲೂ ಯಾರೋ ಹೇಳಿದರು. ಎಲ್ಲಾ ಆಗುತ್ತದಾ? ಅಣ್ಣ ಈಗಲೇ ‘ನೀವು ಮದುವಿಗೆ ಬರತೀರೋ, ಟೂರಿಗೆ ಬರತೀರೋ’ ಅಂತ ಶುರು ಮಾಡಿದ್ದಾನೆ. ನಾನು ಹುಡುಗನ ಸೋದರತ್ತೆ.
– ಓದುಗಿ, ಧಾರವಾಡ

ಉತ್ತರ: ನಿಮ್ಮ ಅಣ್ಣ ಕೇಳಿದ್ದು ಸರಿಯಾಗೇ ಇದೆಯಮ್ಮಾ. ನನ್ನ ಭಾವ ಕೂಡ ನನ್ನನ್ನು ಅದೇ ಮಾತು ಕೇಳಿದ್ದರು. ಆದರೆ ಅವರು ಕೇಳಿದ್ದು ಮದುವೆ ಮುಗಿದ ಮೇಲೆ.

ಅದನ್ನು ಮೊದಲು ಹೇಳಿಬಿಡುತ್ತೇನೆ. ನನ್ನ ಅಕ್ಕನ ಮಗಳ ಮದುವೆ ಹಿಂದೂಪುರದ ಒಂದು ಛತ್ರದಲ್ಲಿ. ಮುಹೂರ್ತ ಹನ್ನೊಂದಕ್ಕೆ. ಹಿಂದೂಪುರದಿಂದ ಲೇಪಾಕ್ಷಿ 15 ಕಿ.ಮೀ. ಅಷ್ಟೇ. ‘ಹೋಗಿ ಬಂದುಬಿಡೋಣ, ಎಷ್ಟು ಹೊತ್ತು’ ಅಂತ ಬೆಳಿಗ್ಗೆ ಉಪ್ಪಿಟ್ಟು ತಿಂದ ಕೈಯಲ್ಲೇ ಒಂಬತ್ತು ಜನರನ್ನು ಜೀಪಿಗೆ ತುಂಬಿಕೊಂಡು ಹೊರಟೆ. ನಮ್ಮ ಚಿಕ್ಕಮ್ಮನ ತವರು ಮಗ್ಗದವರ ಮನೆ. ಲೇಪಾಕ್ಷಿಯಲ್ಲಿ ಲತಾಮಂಟಪ ಅಂತ ಇದೆ. ಅಲ್ಲಿನ ಕಂಬಗಳ ಮೇಲೆ ಬಳ್ಳಿ, ಹೂವು, ಹಂಸದ ಚಿತ್ತಾರಗಳು. ಒಂದರ ಹಾಗೆ ಇನ್ನೊಂದಿಲ್ಲ. ಇವತ್ತಿಗೂ ಸೀರೆ ಅಂಚಿಗೆ ಆ ವಿನ್ಯಾಸಗಳನ್ನು ತೆಗೆದುಕೊಳ್ಳುತ್ತಾರೆ. ಚಿಕ್ಕಮ್ಮ ಅದನ್ನು ನೋಡಿದ್ದೇ ತಡ, ನನ್ನ ಜೇಬಿನಿಂದ ಪೆನ್ನು ಕಿತ್ತುಕೊಂಡರು. ಚೀಲದಲ್ಲಿ ಉಳಿದಿದ್ದ ಲಗ್ನಪತ್ರಿಕೆಗಳ ಹಿಂಬದಿಯಲ್ಲಿ ಒಂದೊಂದೇ ಅಂಚು ಬರೆದುಕೊಳ್ಳುತ್ತಾ ಕೂತರು. ನಾಲ್ಕು ಲಗ್ನಪತ್ರಿಕೆ ತುಂಬಿತು. ನಾನಾದರೂ ಗಡಿಯಾರ ನೋಡಬೇಕಿತ್ತು. ನಾನು ಗೋಡೆಯ ಶಾಸನದಲ್ಲಿ ಮೂಗು ಇಟ್ಟುಕೊಂಡು ನಿಂತಿದ್ದೆ.

ವಾಪಸ್ ಬರುವಾಗ ಟೈರು ಪಂಕ್ಚರ್. ಛತ್ರ ಮುಟ್ಟುವ ಹೊತ್ತಿಗೆ ಅಕ್ಷತೆ ಬಿದ್ದಾಗಿತ್ತು. ನಾನು ಯಾರು ಗೊತ್ತಾ? ಹುಡುಗಿಯ ಸೋದರಮಾವ. ಅವಳನ್ನು ಮಂಟಪಕ್ಕೆ ಕರೆತರಬೇಕಾದವನು. ನನ್ನ ಜಾಗದಲ್ಲಿ ತಮ್ಮ ಕರೆತಂದಿದ್ದ. ಫೋಟೋ ಆಲ್ಬಮ್ಮಿನಲ್ಲಿ ಇವತ್ತಿಗೂ ಅವನೇ ಇದ್ದಾನೆ.

ಅದಕ್ಕೇ ಹೇಳುತ್ತೇನೆ. ಮುಹೂರ್ತದ ದಿನ ಬೆಳಿಗ್ಗೆ ಎಲ್ಲಿಗೂ ಕಾಲಿಡಬೇಡಿ. ‘ಹತ್ತಿರದಲ್ಲೇ ಇದೆ’ ಅನ್ನುವ ಮಾತನ್ನು ನಂಬಲೇಬೇಡಿ. ನಿಮಗೆ ಸಿಗುವುದು ಹಿಂದಿನ ದಿನದ ಹಗಲು. ಅಷ್ಟರಲ್ಲಿ ಲೇಪಾಕ್ಷಿ ಒಂದೇ.

ರಾತ್ರಿ ಹತ್ತಕ್ಕೆ ಧಾರವಾಡ ಬಿಟ್ಟರೆ ಶಿರಾ ಮೇಲೆ ಬೆಳಗಿನ ಜಾವಕ್ಕೆ ಮಡಕಶಿರಾ ಮುಟ್ಟುತ್ತೀರಿ. ಬೋರ್ಡುಗಳೆಲ್ಲ ತೆಲುಗಿಗೆ ತಿರುಗಿದವು ಅಂತ ಗಾಬರಿ ಬೇಡ. ಬೋರ್ಡು ಮಾತ್ರ ತೆಲುಗು, ಟೀ ಅಂಗಡಿಯ ಜಗಳ ಕನ್ನಡದಲ್ಲೇ ನಡೆಯುತ್ತದೆ. 1953ರಲ್ಲಿ ಆಂಧ್ರ ರಾಜ್ಯ ಆದಾಗ ಬಳ್ಳಾರಿ ಮೈಸೂರಿಗೆ ಹೋಯಿತು, ಮಡಕಶಿರಾ ಕಡೆಯ ನಾವು ಅನಂತಪುರ ಜಿಲ್ಲೆಯಲ್ಲೇ ಉಳಿದೆವು. 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆ. ಜಿಲ್ಲೆಯ ಹೆಸರು ಬದಲಾಯಿತು, ನಮ್ಮ ಮುದ್ದೆ ಸಾರು ಬದಲಾಗಲಿಲ್ಲ.

ಛತ್ರಕ್ಕೆ ಹೋಗಿ ಸ್ನಾನ, ತಿಂಡಿ ಮುಗಿಸಿ. ಬೀಗರಿಗೆ ಮುಖ ತೋರಿಸಿ, ಹುಡುಗಿಯ ತಾಯಿಯ ಹತ್ತಿರ ಎರಡು ಮಾತು ಆಡಿ. ‘ಮಧ್ಯಾಹ್ನ ಎರಡಕ್ಕೆಲ್ಲ ಬಂದುಬಿಡುತ್ತೇವೆ, ಊಟ ಇಟ್ಟಿರಿ’ ಅಂತ ನೀವಾಗಿಯೇ ಹೇಳಿ. ಹೇಳದೆ ಹೋದರೆ ತಿರುಗಾಟ, ಹೇಳಿ ಹೋದರೆ ದೇವರ ದರ್ಶನ. ನಿಮ್ಮ ಅಣ್ಣನಿಗೂ ಹೀಗೇ ಹೇಳಿ. ಆಗುವುದಾದರೆ ಹುಡುಗಿಯ ಕಡೆಯ ಒಬ್ಬಿಬ್ಬರನ್ನು ಜೊತೆಗೆ ಕರೆದುಕೊಳ್ಳಿ. ದಾರಿಯೂ ಗೊತ್ತಿರುತ್ತದೆ, ಹೋಗಿದ್ದಕ್ಕೆ ಸಾಕ್ಷಿಯೂ ಆಯಿತು. ಮದುಮಗ ಮಾತ್ರ ಬೇಡ. ಅರಿಶಿನ ಹಚ್ಚಿದ ಹುಡುಗನನ್ನು ಊರು ದಾಟಿಸಿದರೆ ಅಜ್ಜಿಯರು ನಿಮ್ಮನ್ನು ಬಿಡುವುದಿಲ್ಲ.

ಎಂಟಕ್ಕೆ ಹೊರಡಿ. ಹಿಂದೂಪುರಕ್ಕೆ ಒಂದು ಗಂಟೆ, ಅಲ್ಲಿಂದ ಲೇಪಾಕ್ಷಿಗೆ ಅರ್ಧ ಗಂಟೆ. ಮುಂಚೆ ಹೋಗುವುದಕ್ಕೆ ಇನ್ನೊಂದು ಕಾರಣ ಇದೆ. ಗುಡಿ ಇರುವುದು ಬಂಡೆಯ ಮೇಲೆ. ಆಮೆಯ ಬೆನ್ನಿನ ಹಾಗಿರುವ ಗುಡ್ಡ, ಅದಕ್ಕೇ ಕೂರ್ಮಶೈಲ ಅನ್ನುತ್ತಾರೆ. ಚಪ್ಪಲಿ ಹೊರಗೆ ಬಿಡಬೇಕು. ಹನ್ನೊಂದು ದಾಟಿದರೆ ಕಲ್ಲು ಹೆಂಚಿನ ಹಾಗೆ ಕಾಯುತ್ತದೆ. ಎಲ್ಲರೂ ಒಂದೊಂದು ಜೊತೆ ಹಳೇ ಸಾಕ್ಸ್ ಇಟ್ಟುಕೊಳ್ಳಿ. ಆರತಕ್ಷತೆಗೆ ಇಟ್ಟ ಸೀರೆ ಉಟ್ಟುಕೊಂಡು ಬರಬೇಡಿ.

ಊರೊಳಗೆ ಬರುತ್ತಿದ್ದಂತೆ ಒಂದೇ ಕಲ್ಲಿನ ನಂದಿ ಸಿಗುತ್ತದೆ. ಸುಮಾರು 15 ಅಡಿ ಎತ್ತರ, 27 ಅಡಿ ಉದ್ದ. ಎಲ್ಲರೂ ಅಲ್ಲೇ ಇಳಿದು ಫೋಟೋಕ್ಕೆ ನಿಂತು ಅರ್ಧ ಗಂಟೆ ಕಳೆಯುತ್ತಾರೆ. ನಂದಿ ಎಲ್ಲೂ ಹೋಗುವುದಿಲ್ಲ, ಬರುವಾಗ ನೋಡಿ. ಸೀದಾ ವೀರಭದ್ರನ ಗುಡಿಗೆ ನಡೆಯಿರಿ.

ವಿಜಯನಗರದ ಅಚ್ಯುತರಾಯನ ಕಾಲದಲ್ಲಿ, ಅಂದರೆ 1530ರ ಆಸುಪಾಸಿನಲ್ಲಿ, ವಿರುಪಣ್ಣ ಮತ್ತು ವೀರಣ್ಣ ಅನ್ನುವ ಅಣ್ಣತಮ್ಮಂದಿರು ಕಟ್ಟಿಸಿದ್ದು ಇದು. ನಾಟ್ಯಮಂಟಪದಲ್ಲಿ ತಲೆ ಎತ್ತಿ ನೋಡಿ. ಚಾವಣಿ ತುಂಬಾ ಬಣ್ಣದ ಚಿತ್ರಗಳು. ಕಿರಾತಾರ್ಜುನರ ಕಥೆ ಇದೆ, ದ್ರೌಪದಿ ಸ್ವಯಂವರ ಇದೆ, ಗಿರಿಜಾ ಕಲ್ಯಾಣ ಇದೆ. ಮದುವೆಗೆ ಬಂದವರು ಮದುವೆಯ ಚಿತ್ರ ನೋಡದೆ ಹೋಗುವುದುಂಟೇ? ಆ ಹೆಂಗಸರ ಸೀರೆಗಳನ್ನು ನೋಡಿ. ಗೆರೆ, ಚೌಕ, ಹೂ, ಎಷ್ಟು ತರ! ಗಂಡಸರ ತಲೆ ಮೇಲೆ ಉದ್ದನೆಯ ಟೊಪ್ಪಿ. ಸುಮಾರು 500 ವರ್ಷದ ಹಿಂದೆ ಮದುವೆಗೆ ಹೋಗುವವರು ಹೇಗೆ ಉಡುತ್ತಿದ್ದರು ಅಂತ ಕಣ್ಣಿಗೆ ಕಾಣುತ್ತದೆ. ಕತ್ತು ನೋಯುತ್ತದೆ, ಅದಕ್ಕೆ ನಾನು ಹೊಣೆ ಅಲ್ಲ.

ಹಿಂದೆ ಹೋದರೆ ಏಳು ಹೆಡೆಯ ನಾಗನ ಕೆಳಗೆ ಲಿಂಗ. ಅಮ್ಮ ಅಡುಗೆ ಮುಗಿಸುವಷ್ಟರಲ್ಲಿ ಶಿಲ್ಪಿಗಳು ಇದನ್ನು ಕೆತ್ತಿ ಮುಗಿಸಿದರಂತೆ. ಹಾಗಂತ ಕಥೆ. ನಮ್ಮ ಮದುವೆಗಳಲ್ಲಿ ಊಟಕ್ಕೆ ಕಾಯುವ ಹೊತ್ತು ಲೆಕ್ಕ ಹಾಕಿದರೆ ಇನ್ನೊಂದೆರಡು ನಾಗಲಿಂಗ ಆಗುತ್ತಿತ್ತು.

ಅದರ ಹತ್ತಿರವೇ ಕಲ್ಯಾಣ ಮಂಟಪ. ನನಗೆ ಇಡೀ ಗುಡಿಯಲ್ಲಿ ಜಾಸ್ತಿ ಇಷ್ಟ ಇದೇ. ಶಿವ ಪಾರ್ವತಿಯರ ಮದುವೆಗೆ ಅಂತ ಕಟ್ಟಲು ಹೊರಟ ಮಂಟಪ. ದೇವತೆಗಳು, ಋಷಿಗಳು ಎಲ್ಲ ಬಂದು ಕಂಬಗಳಲ್ಲಿ ನಿಂತಿದ್ದಾರೆ. ಮೇಲೆ ಚಾವಣಿಯೇ ಇಲ್ಲ. ಕೆಲಸ ಅರ್ಧಕ್ಕೆ ನಿಂತಿತು. ಯಾಕೆ ಅಂದರೆ ಊರವರು ಒಂದು ಕಥೆ ಹೇಳುತ್ತಾರೆ. ವಿರುಪಣ್ಣ ರಾಜನ ಬೊಕ್ಕಸದ ಹಣವನ್ನು ಕೇಳದೆ ಗುಡಿಗೆ ಸುರಿದನಂತೆ. ಕಣ್ಣು ಕೀಳಿಸಿ ಅಂತ ಅಪ್ಪಣೆ ಬಂತಂತೆ. ಅವನೇ ಕಣ್ಣು ಕಿತ್ತು ಗೋಡೆಗೆ ಎಸೆದನಂತೆ. ಗೋಡೆಯ ಮೇಲಿನ ಕೆಂಪು ಕಲೆಗಳನ್ನು ಈಗಲೂ ತೋರಿಸುತ್ತಾರೆ. ಕಥೆ ನಿಜವೋ ಸುಳ್ಳೋ, ಮದುವೆಯ ಖರ್ಚು ಕೈಮೀರಿದ್ದಂತೂ ಹೊಸದಲ್ಲ. ನಿಮ್ಮ ಅಣ್ಣನನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಡಿ ಪಾಪ, ಛತ್ರದ ಬಾಡಿಗೆ ನೆನಪಾಗುತ್ತದೆ.

ಹೊರಗೋಡೆಯಲ್ಲಿ ಕನ್ನಡ ಶಾಸನಗಳಿವೆ. ಮಕ್ಕಳಿದ್ದರೆ ಅಕ್ಷರ ಹುಡುಕಲು ಹೇಳಿ. ನಾನು ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋದಾಗ ಇದೇ ಆಟ ಆಡಿಸುತ್ತಿದ್ದೆ. ‘ಶ್ರೀ’ ಮೊದಲು ಸಿಕ್ಕಿದವರಿಗೆ ಕಡಲೆಮಿಠಾಯಿ. ಲೇಪಾಕ್ಷಿ ಅನ್ನುವ ಹೆಸರಿಗೂ ಒಂದು ಕಥೆ ಇದೆ. ಬಿದ್ದಿದ್ದ ಜಟಾಯುವಿಗೆ ರಾಮ ‘ಲೇ ಪಕ್ಷಿ’ ಅಂದನಂತೆ. ತೆಲುಗಿನಲ್ಲಿ ‘ಲೇ’ ಅಂದರೆ ‘ಏಳು’. ಒಬ್ಬ ಹುಡುಗ ಕೇಳಿದ್ದ, ‘ಸಾ, ರಾಮನಿಗೂ ತೆಲುಗು ಬರ್ತಿತ್ತಾ?’ ನಾನು ಏನು ಹೇಳಲಿ, ಅವನಿಗೂ ಒಂದು ಕಡಲೆಮಿಠಾಯಿ ಕೊಟ್ಟೆ.

ಹನ್ನೆರಡಕ್ಕೆ ಗಾಡಿ ಹತ್ತಬೇಕು. ಮೊಬೈಲಿನಲ್ಲಿ ಅಲಾರಂ ಇಡಿ. ಎರಡರೊಳಗೆ ಛತ್ರಕ್ಕೆ ಬಂದರೆ ಊಟ, ಒಂದು ನಿದ್ದೆ, ಆಮೇಲೆ ಆರತಕ್ಷತೆಗೆ ತಯಾರಿ. ಪೆನುಕೊಂಡ ಸೇರಿಸಬೇಡಿ, ಅದು ಬೇರೆ ದಿಕ್ಕು.

ಇನ್ನು ಹೇಮಾವತಿ. ಇದು ನಮ್ಮ ಅಮರಾಪುರ ಮಂಡಲದ್ದು, ನನ್ನ ತೂಕ ಸ್ವಲ್ಪ ಈ ಕಡೆ ವಾಲಿದರೆ ಕ್ಷಮಿಸಿ. ಆದರೆ ಲೆಕ್ಕವೂ ಇದರ ಪರವೇ ಇದೆ. ಮದುವೆ ಮುಗಿದು ನೀವು ಹೇಗಿದ್ದರೂ ಶಿರಾಕ್ಕೆ ಹೋಗಿ ಹೆದ್ದಾರಿ ಹಿಡಿಯಬೇಕು. ಹೇಮಾವತಿ ಆ ಕಡೆಗೇ ಬೀಳುತ್ತದೆ, ಸ್ವಲ್ಪ ಬಳಸಿದರಾಯಿತು. ಊಟ ಮಾಡಿ, ತಾಂಬೂಲ ತಗೊಂಡು, ಮುಯ್ಯಿ ಬರೆಸಿ, ಒಂದು ಗಂಟೆಗೆ ಹೊರಟರೆ ಎರಡೂವರೆಯೊಳಗೆ ಅಲ್ಲಿರುತ್ತೀರಿ. ಆಗ ನಿಮ್ಮನ್ನು ಯಾರೂ ಹುಡುಕುವುದಿಲ್ಲ. ಕಣ್ಣೀರು, ಫೋಟೋ, ಎಲ್ಲ ಮುಗಿದಿರುತ್ತದೆ.

ಹೇಮಾವತಿಯ ಹಳೇ ಹೆಸರು ಹೆಂಜೇರು. ನೊಳಂಬರು ಅನ್ನುವ ಅರಸರ ರಾಜಧಾನಿ. ನೊಳಂಬವಾಡಿ 32000 ಅಂತ ಶಾಸನಗಳಲ್ಲಿ ಓದುತ್ತೇವಲ್ಲ, ಆ ನಾಡನ್ನು ಇಲ್ಲಿಂದ ಆಳಿದರು. ಲೇಪಾಕ್ಷಿಗಿಂತ 500 ವರ್ಷಕ್ಕೂ ಹಳೆಯದು. ಗಂಗರ ಮಾರಸಿಂಹ ಇವರನ್ನು ಸೋಲಿಸಿ ‘ನೊಳಂಬಕುಲಾಂತಕ’ ಅಂತ ಬಿರುದು ಹಾಕಿಕೊಂಡ. ಆಮೇಲೆ ಬಂದ ಚೋಳರು ಇಲ್ಲಿನ ಕಂಬಗಳನ್ನೇ ತಂಜಾವೂರು ಕಡೆಯ ತಿರುವೈಯಾರಿಗೆ ಒಯ್ದರು. ಒಳ್ಳೆಯ ಶಿಲ್ಪಗಳು ಮದ್ರಾಸಿನ ಮ್ಯೂಸಿಯಂ ಸೇರಿದವು. ಇಷ್ಟೆಲ್ಲ ಹೋಗಿಯೂ ಉಳಿದದ್ದನ್ನು ನೋಡಿದರೆ ಬಾಯಿ ಕಟ್ಟುತ್ತದೆ. ದೊಡ್ಡೇಶ್ವರ ಗುಡಿಯ ಕಲ್ಲಿನ ಜಾಲಂಧ್ರಗಳ ಎದುರು ಸುಮ್ನೆ ಐದು ನಿಮಿಷ ನಿಲ್ಲಿ. ಕಲ್ಲಿನ ಕಿಟಕಿ ಅದು, ತೂತಿನ ಸುತ್ತ ಬಳ್ಳಿಯೂ ಇದೆ, ಬಳ್ಳಿಯ ನಡುವೆ ಆಕೃತಿಗಳೂ ಇವೆ. ಸಿದ್ಧೇಶ್ವರನ ಗುಡಿಯಲ್ಲಿ ಶಿವ ಲಿಂಗವಾಗಿಲ್ಲ, ಮನುಷ್ಯನ ಹಾಗೆ ಕೂತಿದ್ದಾನೆ. ಶಿವರಾತ್ರಿಗೆ ದೊಡ್ಡ ಜಾತ್ರೆ. ಮಿಕ್ಕ ದಿನ ಜನ ಕಡಿಮೆ, ಗೈಡು ಅಂತ ಹಿಂದೆ ಬೀಳುವವರೂ ಇಲ್ಲ.

ನಾಲ್ಕಕ್ಕೆ ಬಿಟ್ಟರೆ ಶಿರಾದಲ್ಲಿ ಕಾಫಿ, ಅಲ್ಲಿಂದ 300 ಕಿ.ಮೀ. ಚಿಲ್ಲರೆ. ಡ್ರೈವರಿಗೆ ಮದುವೆ ಮನೆಯಲ್ಲಿ ಮಲಗಲು ಜಾಗ ಕೊಡಿಸಿದ್ದೀರಾ? ಎರಡು ರಾತ್ರಿ ಗಾಡಿ ಓಡಿಸುವವನು ಅವನು. ಎಲ್ಲರೂ ಮರೆಯುವ ವಿಷಯ ಇದೇ.

ಪ್ರಶ್ನೆ: ಸ್ನೇಹಿತನ ಮದುವೆಗೆ ಹಿಂದೂಪುರಕ್ಕೆ ಬರುತ್ತಿದ್ದೇನೆ. ಲೇಪಾಕ್ಷಿ ನೋಡಿದ್ದೇನೆ. ಊಟ ಆದ ಮೇಲೆ ಬೆಂಗಳೂರು ರೈಲಿಗೆ ಐದು ಗಂಟೆ ಇದೆ. ಪೆನುಕೊಂಡ ಕೋಟೆ ಹತ್ತಬಹುದೇ?
– ಓದುಗ, ಕೃಷ್ಣಗಿರಿ

ಉತ್ತರ: ಮದುವೆ ಊಟ ಮಾಡಿ ಬೆಟ್ಟ ಹತ್ತುತ್ತೀರಾ? ಹೋಳಿಗೆ ಬಡಿಸಿದವರಿಗೆ ಅವಮಾನ. ಬೆಟ್ಟ ಬಿಡಿ, ಕೆಳಗೇ ಬೇಕಾದಷ್ಟಿದೆ. 1565ರ ಯುದ್ಧದಲ್ಲಿ ಹಂಪಿ ಹಾಳಾದ ಮೇಲೆ ತಿರುಮಲರಾಯ ರಾಜಧಾನಿ ಮಾಡಿಕೊಂಡದ್ದು ಪೆನುಕೊಂಡವನ್ನು. ಗಗನ್ ಮಹಲ್ ಊರಿನಲ್ಲೇ ಇದೆ. ಕಮಾನು ಮುಸಲ್ಮಾನ ಶೈಲಿ, ನೆತ್ತಿ ಗೋಪುರದ ಹಾಗೆ. ಹಂಪಿಯ ಕಮಲ ಮಹಲ್ ನೋಡಿದವರಿಗೆ ತಕ್ಷಣ ನೆಂಟಸ್ತನ ಗೊತ್ತಾಗುತ್ತದೆ. ಪಾರ್ಶ್ವನಾಥ ಬಸದಿ, ಬಾಬಯ್ಯ ದರ್ಗಾ ನೋಡಿಕೊಳ್ಳಿ. ಚೀಲ ಜೊತೆಯಲ್ಲೇ ಇರಲಿ. ಪೆನುಕೊಂಡಕ್ಕೂ ಸ್ಟೇಷನ್ ಇದೆ, ಅದೇ ಬೆಂಗಳೂರು ಲೈನು. ನಿಮ್ಮ ರೈಲು ಅಲ್ಲಿ ನಿಲ್ಲುತ್ತದಾ ಅಂತ ಮೊದಲೇ ನೋಡಿಕೊಂಡರೆ ವಾಪಸ್ ಹಿಂದೂಪುರಕ್ಕೆ ಓಡುವುದು ತಪ್ಪುತ್ತದೆ.

ಪ್ರಶ್ನೆ: ಲೇಪಾಕ್ಷಿಯ ತೂಗುಕಂಬದ ಕೆಳಗೆ ಬಟ್ಟೆ ತೂರಿಸಿದರೆ ಒಳ್ಳೆಯದಾಗುತ್ತದಂತೆ. ಮದುವೆ ಸೀರೆ ತೂರಿಸಬಹುದಾ?
– ಹೊಸ ಮದುಮಗಳು, ಮಧುಗಿರಿ

ಉತ್ತರ: ಬೇಡ ತಾಯಿ. ಟವೆಲ್ ಸಾಕು. ಕಂಬ ಪೂರ್ತಿ ತೂಗುತ್ತಿಲ್ಲ, ಒಂದು ಮೂಲೆ ನೆಲಕ್ಕೆ ತಾಗಿದೆ. ಜರಿ ಅಲ್ಲಿ ಸಿಕ್ಕಿಕೊಳ್ಳುತ್ತದೆ. ನಮ್ಮ ಮನೆಯವರ ಧರ್ಮಾವರಂ ಸೀರೆಗೆ ಆದದ್ದು ಅದೇ. ತೂರಿಸು ಅಂತ ಹೇಳಿದವನು ನಾನು. ಆ ಸೀರೆಯ ಮಾತು ನಮ್ಮ ಮನೆಯಲ್ಲಿ ಈಗಲೂ ತಿಂಗಳಿಗೊಮ್ಮೆ ಬರುತ್ತದೆ.